ಹೊಳಿ ಬಂದು ಮನಿ ಬಿತ್ತು, ಪರಿಹಾರದ ರೊಕ್ಕ ಗಂಡನ ಖಾತೆಗೆ ಹೋತು, ಕೇಳಿದ್ರ ಬಡೀತಾನ. ಏನ್ ಮಾಡ್ಬೇಕ್ರಿ?

ಹೊಳಿದಂಡಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮೂರು ಮಲಪ್ರಭಾ ದಂಡಿ ಮ್ಯಾಗ ಐತಿ, ನವಿಲುತೀರ್ಥ ಡ್ಯಾಮಿಂದ ನೀರ್ ಬಿಟ್ರು ಅಂದ್ರ ಎದಿ ಡವಡವ ಅಂತೈತಿ. ನಮ್ಮ ಓಣ್ಯಾಗಿನ ಅಕ್ಕಾರೊಬ್ಬರ ಮಣ್ಣಿನ ಮನಿ ಕುಸಿದು ಬಿತ್ರಿ, ಈಗ ತಗಡಿನ ಶೆಡ್ಡಿನ್ಯಾಗ ಎರಡು ಸಣ್ಣ ಹುಡುಗ್ರನ್ನ ಕಟ್ಕೊಂಡು ಇದ್ದಾರ. ಮನಿ ಗಂಡನ ಹೆಸರಿಲೆ ಇತ್ತು ಅಂತ ಪರಿಹಾರದ ಮೊದಲ್ನೇ ಕಂತು ಅವನ ಖಾತೆಗೆ ಬಂತು, ಬುನಾದಿ ಹಾಕೋ ರೊಕ್ಕ ಅದು, ಅರ್ಧ ಸೆರೆ ಅಂಗಡಿಗೆ ಹೋಗೈತಿ. ಕೇಳಿದ್ರ ಬಡೀತಾನ. ಹೋದ ವಾರ ಮುಂಗೈ ಬಾತು ಬಳಿ ತೆಗೀಲಿಕ್ಕೂ ಬರಲಾರದಂಗ ಆಗಿತ್ತು, ದವಾಖಾನ್ಯಾಗ ಗಂಡ ಬಾಜೂಕ ನಿಂತಿದ್ದ ಅಂತ ಅಂಜಿ ಜಾರಿ ಬಿದ್ದೆ ಅಂತ ಬರೆಸ್ಯಾರ. ಠಾಣೆಕ್ಕ ಹೋದ್ರ ಗಂಡ ಹೆಂಡ್ತಿ ಜಗಳ, ಮನ್ಯಾಗ ಬಗೆಹರಿಸ್ಕೋರಿ ಅಂದು ಕಳಿಸಿದ್ರು. ಆಧಾರು, ರೇಷನ್ ಕಾರ್ಡು, ಮದುವಿ ಫೋಟೋ ಎಲ್ಲಾ ನೀರಿನ್ಯಾಗ ಹೋಗ್ಯಾವ. ತವರಮನಿಯವರೂ ಹೊಳಿದಂಡಿಯವರೇ, ಅವರದೂ ಮನಿ ಬಿದ್ದೈತಿ. ಎರಡ್ನೇ ಕಂತು ಬರೂದ್ರೊಳಗ ಏನಾರ ಮಾಡಾಕ ಬರ್ತೈತೇನ್ರಿ?

ಜೋಳದ_ಹೊಲ

ಮೊದ್ಲ ಹಿರಿಯಾರನ್ನ ಕೂಡಿಸ್ರಿ. ಕೋರ್ಟು ಕಚೇರಿ ಅಂದ್ರ ಸಂಸಾರ ಒಡೀತೈತಿ, ಕುಡ್ಯೂದು ಬಿಡಿಸಿದ್ರ ಎಲ್ಲಾ ಸರಿ ಹೋಗ್ತೈತಿ.

ಕರಿಕೋಟು_ಧಾರವಾಡ

ತಂಗೀ, ಎರಡ್ನೇ ಕಂತಿನ ಮಾತು ಕೇಳಿದ್ದು ಭಾಳ ಛಲೋ ಮಾಡಿದಿ, ಅದರಿಂದನೇ ಶುರು ಮಾಡ್ತೀನಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅಂದಕೂಡ್ಲೆ ಮಂದಿ ಬರೇ ಹೊಡೆತ ಅಂತ ತಿಳೀತಾರ, ಆದ್ರ ಹೆಂಡ್ತಿ ಮಕ್ಕಳಿಗೆ ಸೇರಬೇಕಾದ ರೊಕ್ಕ ಕಸಗೊಳ್ಳೋದು, ಸಂಸಾರಕ್ಕ ಕೊಡದೇ ಇರೋದು ಸೈತ ಆ ಕಾಯ್ದೆ ಪ್ರಕಾರ ದೌರ್ಜನ್ಯನೇ. 18ನೇ ಕಲಂನಾಗ ಮ್ಯಾಜಿಸ್ಟ್ರೇಟರು ಗಂಡನ ಒಬ್ಬನ ಹೆಸರಿನ ಬ್ಯಾಂಕ್ ಖಾತೆನೂ ಮುಟ್ಟಬಾರದು ಅಂತ ಆದೇಶ ಮಾಡಬಹುದು, ಇದು ಭಾಳ ಮಂದಿಗೆ ಗೊತ್ತೇ ಇಲ್ಲ. 19ನೇ ಕಲಂ ಇರೋ ಜಾಗದ್ದು, ಅಲ್ಲಿಂದ ಆಕಿನ್ನ ಹೊರಗ ಹಾಕಬಾರದು ಅಂತನೋ, ಬ್ಯಾರೆ ಮನಿ ಮಾಡಿಕೊಟ್ಟು ಬಾಡಿಗಿ ಕಟ್ಟು ಅಂತನೋ ಹೇಳಬಹುದು, ಮನಿ ಆಕಿ ಹೆಸರಿಲೆ ಇರಬೇಕು ಅಂತೇನಿಲ್ಲ. ಪರಿಸ್ಥಿತಿ ಗಂಭೀರ ಇದ್ರ 23ನೇ ಕಲಂ ಕೆಳಗ ಗಂಡ ಬರೋದನ್ನ ಕಾಯದೇ ಮಧ್ಯಂತರ ಆದೇಶ ಕೊಡ್ಲಿಕ್ಕೆ ಬರ್ತದ. ಸಿಕ್ಕ ಆದೇಶ ಅವ ಮುರಿದ್ರ ಒಂದು ವರ್ಷದ ತನಕ ಜೈಲು.

ಠಾಣೆಯವರು ಕಳಿಸಿದ್ರೂ ಈ ದಾರಿ ಮುಚ್ಚಂಗಿಲ್ಲ. ತಾಲೂಕಿನ ಸಿಡಿಪಿಒ, ಅಂದ್ರ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸಿಗೆ ಹೋಗ್ರಿ, ನಮ್ಮ ರಾಜ್ಯದಾಗ ಈ ಕಾಯ್ದೆಗೆ ಅವರೇ ಸಂರಕ್ಷಣಾಧಿಕಾರಿ. ಅಕ್ಕ ಹೇಳೋದನ್ನ ಡಿಐಆರ್ ಅಂತ ಒಂದು ಫಾರ್ಮಿನ್ಯಾಗ ಬರದು ಕೋರ್ಟಿಗೆ ಕಳಿಸೋದು ಅವರ ಕೆಲಸ, ಅದರ ಒಂದು ಪ್ರತಿ ಪುಕ್ಕಟೆ ಕೊಡಬೇಕು. ಕಾಗದ ಎಲ್ಲಾ ಹೋಗ್ಯಾವ ಅಂತ ಯಾರಾರ ತಿರುಗಿ ಕಳಿಸಿದ್ರ ಒಪ್ಪಬ್ಯಾಡ್ರಿ. ದವಾಖಾನಿ ಚೀಟಿ, ಎಕ್ಸ್‌ರೇ ಇಟ್ಕೊಂಡಿರ್ರಿ, ಗಂಡನ ಎದುರಿಗೆ ಅಂಜಿ ಹಂಗ ಹೇಳಿದೆ ಅಂತ ಈಗ ಖರೇ ಹೇಳಬಹುದು. ವಕೀಲರ ಫೀ ಚಿಂತಿ ಬ್ಯಾಡ, ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಕಾನೂನು ಸೇವಾ ಸಮಿತಿಯಿಂದ ವಕೀಲರು ಪುಕ್ಕಟೆ, ಫೋನ್ 15100. ರಾತ್ರಿ ಹೊಡೆದ್ರ ಪೊಲೀಸರ 112, ಇಲ್ಲಾ ಮಹಿಳಾ ಸಹಾಯವಾಣಿ 181ಕ್ಕ ಫೋನ್ ಮಾಡ್ರಿ.

ಅಂಗನವಾಡಿ_ಟೀಚರ್

ಜೋಳದ ಹೊಲದ ಅಣ್ಣಾರ, ಸಿಟ್ಟಾಗಬ್ಯಾಡ್ರಿ. ನಮ್ಮೂರಾಗ ಹಿರಿಯಾರು ಕೂಡಿ ಹೊಂದ್ಕೊಂಡು ಹೋಗವಾ ಅಂತ ಬುದ್ಧಿ ಹೇಳಿದ್ದು ಹೆಣ್ಮಗಳಿಗೆ, ಕುಡದವನಿಗಲ್ಲ, ಆವತ್ತ ರಾತ್ರಿನೇ ಮತ್ತ ಬಡದ.

2019ರ ಆಗಸ್ಟ್‌ನ್ಯಾಗ ಪಟ್ಟದಕಲ್ಲಿನ ಗುಡಿಗೂ ನೀರ್ ಹೊಕ್ಕಿತ್ತಲ್ಲ, ಆವಾಗ ನಮ್ಮ ಸಾಲಿನೇ ಮನಿ ಕಳಕೊಂಡವರು ಇರೋ ಕಾಳಜಿ ಕೇಂದ್ರ ಆಗಿತ್ರಿ. ಒಂದೊಂದು ಕ್ವಾಣ್ಯಾಗ ಏಳೆಂಟು ಸಂಸಾರ, ಕಕ್ಕಸಿಗೆ ಲೈಟಿಲ್ಲ, ಚಿಲಕ ಇಲ್ಲ, ಹೆಣ್ಮಕ್ಕಳು ಸಂಜಿ ಆದ ಮ್ಯಾಗ ನೀರ್ ಕುಡ್ಯೂದೇ ಬಿಟ್ಟಿದ್ರು. ಕುಡದು ಬಂದವರು ಅಲ್ಲೇ ಎಲ್ಲಾರ ಎದುರಿಗೆ ಹೆಂಡ್ರನ್ನ ಬಡೀತಿದ್ರು. ಊಟ ಕೊಟ್ವಿ, ಹಾಸಿಗಿ ಕೊಟ್ವಿ, ಇದನ್ನ ಕೇಳೋರು ಯಾರೂ ಇರ್ಲಿಲ್ಲ. ಆಮ್ಯಾಲ ಸ್ತ್ರೀಶಕ್ತಿ ಸಂಘದವರೇ ಕೂಡಿ ಹೆಣ್ಮಕ್ಕಳಿಗೆ ಬ್ಯಾರೆ ಕ್ವಾಣಿ ಬೇಕು ಅಂತ ಹಟ ಹಿಡಿದು ಮಾಡಿಸಿದ್ರು, ಬಾಗಲದಾಗ ಪಾಳಿ ಮ್ಯಾಲ ಇಬ್ಬಿಬ್ಬರು ಮಲಗ್ತಿದ್ರು.

ಕಂತಿನ ವಿಚಾರ. ಆ ಸಲ ಪೂರ್ತಿ ಬಿದ್ದ ಮನಿಗೆ 5 ಲಕ್ಷ ಇತ್ತು, ಬುನಾದಿ ಆದ ಫೋಟೋ ಜಿಪಿಎಸ್ ಸಮೇತ ಏರಿಸಿದ್ರನೇ ಮುಂದಿನ ಕಂತು ಬರ್ತಿತ್ತು. ನಿಮ್ಮಲ್ಲೂ ಹಂಗ ಇದ್ರ ನಿಮಗ ಟೈಮ್ ಐತಿ. ಮುಂದಿನ ರೊಕ್ಕ ಹೆಂಡ್ತಿ ಖಾತೆಗೆ ಇಲ್ಲಾ ಜಂಟಿ ಖಾತೆಗೆ ಹಾಕ್ರಿ ಅಂತ ತಹಶೀಲ್ದಾರರಿಗೆ, ಪಿಡಿಒಗೆ ಅರ್ಜಿ ಕೊಡ್ರಿ, ಇನ್ನೊಂದು ಪ್ರತಿ ಮ್ಯಾಗ ಸಿಕ್ಕಾ ಹಾಕಿಸ್ಕೊಂಡೇ ಬರ್ರಿ. ಅಕ್ಕನ್ನ ಒಬ್ಬಾಕಿನ್ನೇ ಕಳಿಸಬ್ಯಾಡ್ರಿ, ಸಂಘದವರು ಐದಾರು ಮಂದಿ ಹೋಗ್ರಿ, ಮಾತಾಡ್ಸೋ ರೀತಿನೇ ಬ್ಯಾರೆ ಆಗ್ತೈತಿ. ಮತ್ತ ಅಕ್ಕಾಗ ಗೃಹಲಕ್ಷ್ಮಿ 2000 ಬರ್ತಿದ್ರ ಆ ಎಟಿಎಂ ಕಾರ್ಡ್ ಯಾರ ಕಿಸೇದಾಗ ಐತಿ ಕೇಳ್ರಿ. ಆಧಾರ್ ಹೊಳ್ಳಿ ತಗ್ಯಾಕ ಬೆರಳಚ್ಚು ಸಾಕು, ರೇಷನ್ ಕಾರ್ಡಿನ ನಂಬರ್ ರೇಷನ್ ಅಂಗಡ್ಯಾಗ ಸಿಗ್ತೈತಿ.

ಹೊಳಿದಂಡಿ

ಅಕ್ಕಾರ ನಿಮ್ಮ ಕಾಲಿಗೆ ಬೀಳ್ತೀನ್ರಿ. ಕೇಳಿದೆ, ಎಟಿಎಂ ಕಾರ್ಡ್ ಗಂಡನ ಕಡೇನೇ ಐತಂತ. ಬುನಾದಿ ಇನ್ನೂ ತೋಡೇ ಇಲ್ಲ. ಸೋಮವಾರ ಸಂಘದವರು ನಾಕು ಮಂದಿ ಸಿಡಿಪಿಒ ಆಫೀಸಿಗೆ ಹೊಂಟೀವಿ. ಒಂದೇ ಅಂಜಿಕಿ, ಹೋಗಿ ಬಂದಿದ್ದು ಗೊತ್ತಾಗಿ ರಾತ್ರಿ ಬಡದ್ರ?

ಕರಿಕೋಟು_ಧಾರವಾಡ

ಆ ಅಂಜಿಕಿನೂ ಡಿಐಆರ್‌ನ್ಯಾಗ ಬರೆಸ್ರಿ, ಇವತ್ತ ರಾತ್ರಿ ವಾಪಸ್ ಹೋಗಾಕ ಅಂಜಿಕಿ ಐತಿ ಅಂತ ಚೊಕ್ಕ ಹೇಳ್ರಿ, ಇರಾಕ ಜಾಗ ಕೇಳಿದ್ರ ಆಶ್ರಯ ಕೊಡಿಸೋದು ಅವರ ಜವಾಬ್ದಾರಿ. ಜಿಲ್ಲಾದಾಗ ದೌರ್ಜನ್ಯಕ್ಕ ಸಿಕ್ಕ ಹೆಣ್ಮಕ್ಕಳಿಗೆ ಅಂತ ಸರ್ಕಾರದ ಸಖಿ ಕೇಂದ್ರ ಅದ, ಮಕ್ಕಳ ಜೋಡಿ ಐದು ದಿನದ ತನಕ ಇರಬಹುದು, ಆಮ್ಯಾಲ ಶಕ್ತಿ ಸದನದಂಥ (ಮೊದಲು ಸ್ವಾಧಾರ ಗೃಹ ಅಂತಿದ್ರು) ಆಶ್ರಯದ ಕಡೆ ಕಳಿಸ್ತಾರ. ಹುಡುಗ್ರನ್ನ ಶೆಡ್ಡಿನ್ಯಾಗ ಬಿಟ್ಟು ಹೋಗಬ್ಯಾಡ್ರಿ, ಜೋಡಿನೇ ಕರಕೊಂಡು ಹೋಗ್ರಿ. ಬ್ಯಾಂಕಿಗೆ ಫೋನ್ ಮಾಡಿ ಆ ಎಟಿಎಂ ಕಾರ್ಡ್ ಬ್ಲಾಕ್ ಮಾಡ್ಸೋದು ಆಫೀಸಿನ್ಯಾಗ ಕೂತ ಮ್ಯಾಲ ಮಾಡ್ರಿ, ಅದಕ್ಕೂ ಮೊದಲು ಬ್ಯಾಡ.