ಸಹಾಯ ಬೇಕು: ಹಳೇ ಡೆಸ್ಕ್‌ಟಾಪ್‌ಗೆ ಬೇರೆ ಬ್ಲೂಟೂತ್ ಡಾಂಗಲ್ ತಗೋಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನದು ಅಸೆಂಬಲ್ ಮಾಡಿಸಿದ ಹಳೇ ಡೆಸ್ಕ್‌ಟಾಪ್, ವಿಂಡೋಸ್ 10. ಬೋರ್ಡಲ್ಲಿ ಬ್ಲೂಟೂತ್ ಇಲ್ಲ. ರಾತ್ರಿ ಮಗು ಮಲಗಿದ ಮೇಲೆ ಹೆಡ್‌ಫೋನ್ ಹಾಕ್ಕೊಂಡು ಕೆಲಸ ಮಾಡೋಣ ಅಂತ 250 ರೂಪಾಯಿದು, ಯುಎಸ್‌ಬಿ ಪೋರ್ಟಿಗೆ ಚುಚ್ಚೋ ಉಗುರಿನಷ್ಟು ಪುಟ್ಟ ಡಾಂಗಲ್ ತಂದೆ. ಪ್ಯಾಕೆಟ್ ಮೇಲೆ ಬ್ಲೂಟೂತ್ 5.0 ಅಂತ ದಪ್ಪಕ್ಷರದಲ್ಲಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದ್ರೆ ಎಲ್‌ಎಂಪಿ (ಬ್ಲೂಟೂತ್ ಯಾವ ಆವೃತ್ತಿ ಅಂತ ತೋರಿಸೋ ಸಂಖ್ಯೆ) 6, ಅಂದ್ರೆ ಬರೀ 4.0! ಹೋಗ್ಲಿ ಬಿಡಿ.

ಸಿಪಿಯು ಹಿಂದೆ ಚುಚ್ಚಿದಾಗ ಹಾಡು ತುಂಡು ತುಂಡಾಗಿ ಬರ್ತಿತ್ತು. ಪಕ್ಕದ ನೀಲಿ ಯುಎಸ್‌ಬಿ 3.0 ಪೋರ್ಟಲ್ಲಿ ಹಾರ್ಡ್ ಡಿಸ್ಕ್ ಇದೆ, ಅದೂ ಬ್ಲೂಟೂತ್ ಬಳಸೋ 2.4 ಗಿಗಾಹರ್ಟ್ಜ್‌ನಲ್ಲೇ ಗದ್ದಲ ಎಬ್ಬಿಸುತ್ತೆ. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್‌ನ ಮೇಜಿನ ಮೇಲೆ ತಂದಿಟ್ಟೆ, ಹಾಡು ಸರಿಹೋಯ್ತು.

ಆದ್ರೆ ಮೀಟಿಂಗಲ್ಲಿ ಮೈಕ್ ಆನ್ ಆದ ತಕ್ಷಣ ಎಲ್ಲರ ದನಿಯೂ ಹಳೇ ಲ್ಯಾಂಡ್‌ಲೈನ್ ಥರ, ಬಾವಿಯೊಳಗಿಂದ ಮಾತಾಡಿದ ಹಾಗೆ. ಡ್ರೈವರ್ ತೆಗೆದು ಮತ್ತೆ ಹಾಕಿದ್ದಾಯ್ತು, ಹೆಡ್‌ಫೋನ್ ಹೊಸದಾಗಿ ಪೇರ್ ಮಾಡಿದ್ದಾಯ್ತು. ಏನೂ ಬದಲಾಗಿಲ್ಲ.

ಇದು ಡಾಂಗಲ್‌ನ ದೋಷವೋ, ವಿಂಡೋಸ್ 10ರಲ್ಲಿ ಬ್ಲೂಟೂತ್ ಮೈಕಿನ ಹಣೆಬರಹವೇ ಇಷ್ಟೋ, ಅದೇ ಗೊತ್ತಾಗ್ತಿಲ್ಲ. ನಿಜವಾದ 5.3 ಡಾಂಗಲ್ ತಗೊಂಡ್ರೆ ಮೈಕ್ ಆನ್ ಇದ್ದಾಗಲೂ ದನಿ ಚೆನ್ನಾಗಿ ಬರುತ್ತಾ? ಇಲ್ಲಾ ಇದನ್ನೇ ಇಟ್ಕೊಂಡು ಒಂದು ವೈರಿನ ಕಾಲರ್ ಮೈಕ್ ತಂದ್ರೆ ಸಾಕಾ? ಬಳಸಿ ನೋಡಿದವರು ದಯವಿಟ್ಟು ಹೇಳಿ.