ಚೆಂಡುಹೂವಿನ ಒಂದು "ಎಸಳಿಗೆ" ಏನಂತೀರಿ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಎರಡು ವಾರದಿಂದ ಇದರಲ್ಲೇ ಸಿಕ್ಕಿಹಾಕ್ಕೊಂಡಿದೀನಿ.

ಹೈಸ್ಕೂಲ್ ಮಕ್ಕಳಿಗೆ ಅಂತ ಹೂವಿನ ವಿಕಾಸದ ಬಗ್ಗೆ ಒಂದು ಲೇಖನ ಬರೀತಿದೀನಿ. ಗಿಡದ ಹತ್ರ ಇರೋ ನೀರು, ಸಕ್ಕರೆ ಎಲ್ಲಾ ಲೆಕ್ಕದ್ದು, ಅದರಲ್ಲಿ ದೊಡ್ಡ ಹೂ ಮಾಡಕ್ಕೆ ಹೋದ್ರೆ ನಾಲ್ಕೇ ಆಗ್ತವೆ, ಪುಟ್ಟದು ಮಾಡಿದ್ರೆ ರಾಶಿ ಆಗ್ತವೆ. ಟ್ರೇಡ್-ಆಫ್ ಅನ್ನೋದಕ್ಕೆ ನಾನು ಪದ ಹುಡುಕಲೇ ಇಲ್ಲ, "ಹಾಸಿದ್ರೆ ಹೊದಿಯೋಕಿಲ್ಲ, ಹೊದ್ರೆ ಹಾಸೋಕಿಲ್ಲ" ಅಂತೀವಲ್ಲ, ಅದನ್ನೇ ಹಾಕಿದೀನಿ. ತೊಡಕಿರೋದು "ಹೂ" ಅನ್ನೋ ಪದದಲ್ಲೇ.

"ಹೂ ದೊಡ್ಡದಾದಷ್ಟೂ ಸಂಖ್ಯೆ ಕಮ್ಮಿ" ಅಂತ ಬರೆದು ಪಕ್ಕದ್ಮನೆ ಹುಡುಗಿಗೆ ಓದಕ್ಕೆ ಕೊಟ್ಟೆ. "ಗೊತ್ತಾಯ್ತು ಅಂಕಲ್, ಸೂರ್ಯಕಾಂತಿ ಥರ, ದೊಡ್ಡದು, ಗಿಡಕ್ಕೆ ಒಂದೇ" ಅಂದ್ಲು. ಅವಳ ತಪ್ಪಿಲ್ಲ, ಕನ್ನಡ ಅವಳಿಗೆ ಹಾಗೇ ಹೇಳಿಕೊಟ್ಟಿದೆ. ಆದ್ರೆ ಉದಾಹರಣೆ ಪೂರ್ತಿ ಉಲ್ಟಾ. ಆ ಒಂದು ತಟ್ಟೆಯಲ್ಲಿ ಸಾವಿರಕ್ಕೂ ಮೇಲೆ ಪುಟ್ಟ ಹೂಗಳಿರಬಹುದು, ಒಂದೊಂದಕ್ಕೂ ಒಂದು ಬೀಜ. ಅಂದ್ರೆ ಸೂರ್ಯಕಾಂತಿ ಹಿಡಿದಿದ್ದು ರಾಶಿ ಹೂವಿನ ದಾರಿ, ಆಮೇಲೆ ಅಷ್ಟನ್ನೂ ಒತ್ತೊತ್ತಾಗಿ ಜೋಡಿಸಿ ಜೇನಿಗೆ ದೂರದಿಂದ ಒಂದೇ ದೊಡ್ಡ ಹೂವಾಗಿ ಕಾಣೋ ಹಾಗೆ ಮಾಡ್ಕೊಂಡಿದೆ, ಚೂರುಪಾರು ಬಟ್ಟೆ ಸೇರಿಸಿ ಕೌದಿ ಹೊಲಿದ ಹಾಗೆ. ಹುಳ ನಾಲ್ಕನ್ನ ತಿಂದ್ರೂ ಮಿಕ್ಕಿದ್ದು ಕಾಳು ಕಟ್ಟುತ್ತೆ.

ಸೇವಂತಿಗೆ, ಚೆಂಡುಹೂ ಎಲ್ಲಾ ಇದೇ ಬಳಗ. ಮನೇಲಿ ಚೆಂಡುಹೂ ಬೆಳೆದವರು ನೆನಪಿಸ್ಕೊಳ್ಳಿ, ಒಣಗಿದ ಹೂ ಮುರಿದು ಎಳೆದ್ರೆ ಒಂದೊಂದು "ಎಸಳಿನ" ಬುಡದಲ್ಲೂ ಕಪ್ಪನೆ ಸೂಜಿ ಥರದ್ದು ಬರುತ್ತಲ್ಲ, ಮಣ್ಣಿಗೆ ಉದುರಿಸಿದ್ರೆ ಮೊಳೆಯೋದು ಅದೇ. ಗುಲಾಬಿ ಎಸಳು ಹೂತರೆ ಗಿಡ ಬರಲ್ಲ, ಕೊಳೆಯುತ್ತೆ ಅಷ್ಟೆ. ಹಾಗಾಗಿ ಎರಡಕ್ಕೂ ಎಸಳು ಅನ್ನೋದು ನನಗೆ ಸರಿ ಕಾಣ್ತಿಲ್ಲ, ಚೆಂಡುಹೂವಿಂದು ಬುಡದಲ್ಲಿ ಬೀಜ ಕಟ್ಟೋ ಇಡೀ ಹೂ.

ಪೇಪರಲ್ಲಿ ಬರೋ "ಜಗತ್ತಿನ ಅತಿ ದೊಡ್ಡ ಹೂ" ಸುದ್ದೀಲೂ ಇದೇ ಕಲಸುಮೇಲೋಗರ. ಸುಮಾತ್ರ, ಬೋರ್ನಿಯೋ ಕಾಡಿನ ರಫ್ಲೇಸಿಯಾ ನಿಜವಾಗ್ಲೂ ಒಂದೇ ಹೂ, ಸುಮಾರು ಒಂದು ಮೀಟರ್ ಅಗಲ. ಅದರ ನೆಂಟರು ಯಾರು ಅಂದ್ರೆ ನಮ್ಮ ಔಡಲ, ಕಳ್ಳಿ ಇರೋ ಕುಟುಂಬ, ಹೂ ಕಣ್ಣಿಗೆ ಬೀಳೋದೇ ಕಷ್ಟ ಅನ್ನೋ ಗಿಡಗಳು! 2007ರಲ್ಲಿ ಬಂದ ಡಿಎನ್‌ಎ ಅಧ್ಯಯನದ ಪ್ರಕಾರ ಆ ಕವಲಲ್ಲಿ ಸುಮಾರು 4.6 ಕೋಟಿ ವರ್ಷದಲ್ಲಿ ಹೂವಿನ ಅಗಲ 79 ಪಟ್ಟಿನಷ್ಟು ಹಿಗ್ಗಿದೆ. ಆದ್ರೆ ಆಳೆತ್ತರ ಮೀರಿ ನಿಲ್ಲೋ ಟೈಟನ್ ಆರಮ್, ನಮ್ಮ ಸುವರ್ಣಗಡ್ಡೆ ಕುಲದ್ದು, ಅದು ಒಂದು ಹೂವಲ್ಲ. ನಿಜವಾದ ಹೂಗಳು ನಡುವಿನ ದಿಂಡಿನ ಬುಡದಲ್ಲಿ ಸಣ್ಣದಾಗಿ ಅಡಗಿರ್ತವೆ. ಎರಡನ್ನೂ "ಹೂ" ಅಂತ ಬರೆದ್ರೆ ಮಗು ಹೇಗೆ ಹೋಲಿಸಬೇಕು?

ಇಡೀ ಗುಂಪಿಗೆ ಪದಕ್ಕೇನೂ ಬರ ಇಲ್ಲ. ಪಠ್ಯದಲ್ಲಿ ಪುಷ್ಪಮಂಜರಿ ಇದೆ, ತೆಂಗಿಗೆ ಹೊಂಬಾಳೆ, ಅಡಿಕೆಗೆ ಸಿಂಗಾರ. ನನಗೆ ತುಂಬಾ ಹಿಡಿಸಿದ್ದು ಅಂದ್ರೆ ಸೂರ್ಯಕಾಂತಿ ಬೆಳೆಯೋ ರೈತರು ಅದಕ್ಕೆ ತೆನೆ ಅಂತಾರೆ, ಜೋಳಕ್ಕೆ ಹೇಳೋ ಅದೇ ತೆನೆ, ಅದು ಒಂದಲ್ಲ ಹಲವು ಅಂತ ಆ ಪದದಲ್ಲೇ ಬಂದ್ಬಿಟ್ಟಿದೆ. ಲೇಖನದಲ್ಲಿ ಅದನ್ನೇ ಇಟ್ಕೋತೀನಿ.

ಒಳಗಿರೋ ಒಂದೊಂದು ಪುಟ್ಟ ಹೂವಿಗೆ ಮಾತ್ರ ಸಿಕ್ಕಿಲ್ಲ. ಪುಷ್ಪಕ ಅಂದ್ರೆ ಮಕ್ಕಳಿಗೆ ವಿಮಾನವೇ ಕಣ್ಮುಂದೆ ಬರುತ್ತೆ. ಕಿರುಹೂ ಅಂದ್ರೆ ತುಂಬೆನೂ ಕಿರುಹೂವೇ ತಾನೆ. ಬಿಡಿಹೂ ಅಂತ ಯೋಚಿಸಿದೆ, ಆದ್ರೆ ಮಾರ್ಕೆಟ್‌ನಲ್ಲಿ ಅದಕ್ಕೆ ಕಟ್ಟದೇ ಇರೋ ಹೂ ಅಂತ ಅರ್ಥ ಗಟ್ಟಿಯಾಗಿ ಕೂತಿದೆ.

ಉತ್ತರ ಕರ್ನಾಟಕದ ಕಡೆಯವರು ಯಾರಾದ್ರೂ ಇದ್ರೆ ಒಂದು ವಿಚಾರಿಸಿ ಹೇಳ್ತೀರಾ, ಕುಸುಬಿ ಹೂವಿಂದ ಕೆಂಪನೆ ಎಳೆ ಕಿತ್ತು ಒಣಗಿಸ್ತಾರಲ್ಲ, ಒಂದೊಂದು ಎಳೆನೂ ಒಂದೊಂದು ಹೂವೇ, ಅದನ್ನ ಬಿಡಿಸೋರು ಆ ಎಳೆಗೆ ಏನಂತ ಕರೀತಾರೆ?