ಅಂಗನವಾಡಿ ಪಕ್ಕದ ಮೂರು ಗುಂಟೆ: ಕೈತೋಟದಿಂದ ಮಕ್ಕಳ ತೂಕ ಹೆಚ್ಚುವುದೇ?

ಪ್ರಶ್ನೆ: ಬಾಲವಿಕಾಸ ಸಮಿತಿ ಸದಸ್ಯ, ಗುಡಿಬಂಡೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರ ಅಂಗನವಾಡಿಯ ಹಿಂದೆ ಸುಮಾರು ಮೂರು ಗುಂಟೆ ಪಂಚಾಯಿತಿ ಜಾಗ ಖಾಲಿ ಬಿದ್ದಿದೆ. ಅಲ್ಲಿ ಮಕ್ಕಳಿಗಾಗಿ ಪೌಷ್ಟಿಕ ಕೈತೋಟ ಮಾಡಬೇಕೆಂಬ ಮಾತು ಕಳೆದ ಸಭೆಯಲ್ಲಿ ಬಂತು. ನಮ್ಮದು ತರಕಾರಿ ಕಾಣದ ಊರಲ್ಲ. ಟೊಮೆಟೊ, ಕ್ಯಾರೆಟ್, ಹುರುಳಿಕಾಯಿ ಬೆಳೆದು ಚಿಕ್ಕಬಳ್ಳಾಪುರ, ಚಿಂತಾಮಣಿ ಮಾರುಕಟ್ಟೆಗಳಿಗೆ ಸಾಗಿಸುವ ಮನೆಗಳೇ ಇಲ್ಲಿ ಹೆಚ್ಚು. ಹಾಗಿದ್ದರೂ ಕಾರ್ಯಕರ್ತೆಯವರು ತಿಂಗಳ ತೂಕ ನೋಡುವಾಗ ವಯಸ್ಸಿಗೆ ತಕ್ಕ ತೂಕವಿಲ್ಲದ ಮಕ್ಕಳು ಪ್ರತಿ ಸಲವೂ ಕಾಣಿಸುತ್ತಾರೆ, ಮತ್ತು ಅವರಲ್ಲಿ ಕೆಲವರು ಕ್ರೇಟುಗಟ್ಟಲೆ ಟೊಮೆಟೊ ಮಾರುವ ಮನೆಯವರೇ ಆಗಿರುತ್ತಾರೆ. ತರಕಾರಿ ಬೆಳೆಯುವ ಊರಿನಲ್ಲಿ ಇನ್ನೊಂದು ತರಕಾರಿ ತೋಟದಿಂದ ಏನು ಬದಲಾದೀತು ಎಂಬುದು ನನ್ನ ಮೊದಲ ಅನುಮಾನ. ಎರಡನೆಯದು ನೀರು: ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರನ್ನು ಕುಡಿಯಲು ಬಿಟ್ಟು ತೋಟಕ್ಕೆ ಕೊಡಲು ಪಂಚಾಯಿತಿ ಒಪ್ಪುವುದು ಕಷ್ಟ. ಜೊತೆಗೆ, ತಾಯಂದಿರಿಗೆ ತಿಳಿವಳಿಕೆ ಕೊಡಬೇಕೆಂದು ಸಭೆ ಕರೆದರೆ ಬರುವವರು ಕಡಿಮೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ಮುಳಬಾಗಿಲು

ತೋಟ ಮಾಡಿ ಸರ್, ಆದರೆ ಅದೊಂದರಿಂದಲೇ ತೂಕ ಏರುತ್ತದೆಂದು ಸಮಿತಿಗೆ ಮಾತು ಕೊಡಬೇಡಿ. ಅಂಗನವಾಡಿಯಲ್ಲಿ ಕುಳಿತು ಬಿಸಿಯೂಟ ಉಣ್ಣುವವರು ಮೂರರಿಂದ ಆರು ವರ್ಷದ ಮಕ್ಕಳು. ಮಗು ಬೆಳವಣಿಗೆಯಲ್ಲಿ ಹಿಂದೆ ಬೀಳುವುದಾದರೋ ಬಹುಮಟ್ಟಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ, ಎದೆಹಾಲಿನ ಜೊತೆಗೆ ಮೇಲಾಹಾರ ಶುರುವಾಗುವ ಕಾಲದಲ್ಲಿ. ಆ ವಯಸ್ಸಿನವರಿಗೆ ನಾವು ಕೊಡುವುದು ಮನೆಗೆ ಒಯ್ಯುವ ಪಡಿತರ. ಅದು ಮನೆ ಸೇರಿದ ಮೇಲೆ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇ 32.9ರಷ್ಟು ಮಂದಿಗೆ ತಕ್ಕ ತೂಕವಿಲ್ಲ. ಆರು ತಿಂಗಳು ದಾಟಿದವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ಇಷ್ಟೊಂದು ಮಕ್ಕಳೆಲ್ಲ ಒಲೆ ಉರಿಯದ ಮನೆಯವರೇ ಆಗಿರಲು ಸಾಧ್ಯವಿಲ್ಲ.

ಎಂಟು ಕೆ.ಜಿ. ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ಹೊತ್ತಿಗೆ ಹಿಡಿಸುವುದು ಹೆಚ್ಚೆಂದರೆ ಒಂದು ಲೋಟ. ನಾವು ಆ ಲೋಟವನ್ನು ತೆಳ್ಳಗಿನ ರಾಗಿ ಗಂಜಿಯಿಂದ, ಎಂದರೆ ನೀರಿನಿಂದ, ತುಂಬಿಬಿಡುತ್ತೇವೆ. ಗಟ್ಟಿಯಾಗಿ ಕಾಯಿಸಿದರೆ ಮಗು ನುಂಗುವುದಿಲ್ಲ ಎಂದು ಅಜ್ಜಿಯರು ಹೇಳುವುದೂ ಸುಳ್ಳಲ್ಲ. ಇದಕ್ಕೆ ಮೊಳಕೆ ರಾಗಿಯಲ್ಲಿ ಉಪಾಯವಿದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಬೇರು ಉಜ್ಜಿ ತೆಗೆದು ಬೀಸಿದ ಹಿಟ್ಟಿನಲ್ಲಿ ಪಿಷ್ಟವನ್ನು ಕರಗಿಸುವ ಗುಣ ಹುಟ್ಟಿಕೊಳ್ಳುತ್ತದೆ. ಗಟ್ಟಿಯಾಗಿ ಕಾಯಿಸಿದ ಸರಿ ಸ್ವಲ್ಪ ಆರಿದಾಗ ಆ ಹಿಟ್ಟನ್ನು ಒಂದು ಚಮಚ ಕಲಸಿದರೆ, ನೀರು ಸೇರಿಸದೆಯೇ ಅದು ತೆಳುವಾಗುತ್ತದೆ. ಬಳಿಕ ಇನ್ನೊಂದು ಕುದಿ ಬರಿಸಬೇಕು. ಮೊಳಕೆ ಕಾಳನ್ನು ಕಂದು ಬಣ್ಣ ಬರುವಂತೆ ಹುರಿದರೆ ಈ ಗುಣ ಹೋಗುತ್ತದೆ, ಆದ್ದರಿಂದ ಘಮ ಬರುವಷ್ಟು ಬಿಸಿ ಮಾಡಿದರೆ ಸಾಕು. ಮೊಳಕೆ ಬರಿಸುವುದರಿಂದ ಕಬ್ಬಿಣದ ಅಂಶವನ್ನು ತಡೆಹಿಡಿಯುವ ಫೈಟೇಟ್ ಕೂಡ ಇಳಿಯುತ್ತದೆ. ಈ ಸರಿಗೆ ಒಂದು ಚಮಚ ಕಡಲೆಕಾಯಿ ಎಣ್ಣೆಯನ್ನೋ ತುಪ್ಪವನ್ನೋ, ಚೆನ್ನಾಗಿ ಬೆಂದ ತೊಗರಿಬೇಳೆಯನ್ನೋ ಸೇರಿಸಿದರೆ ಅದೇ ಲೋಟದ ಸತ್ವ ಎಷ್ಟೋ ಪಾಲು ಹೆಚ್ಚುತ್ತದೆ. ಒಂಬತ್ತು ತಿಂಗಳು ದಾಟಿದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಹೊತ್ತು ಹೀಗೆ ಉಣಿಸಬೇಕು. ಸೊಪ್ಪು ಒಳ್ಳೆಯದೇ, ಆದರೆ ವರ್ಷದ ಮಗು ಎಷ್ಟು ಸೊಪ್ಪು ತಿಂದೀತು? ಅದಕ್ಕೆ ಮೊಟ್ಟೆ, ಬೇಳೆ, ಜಿಡ್ಡು ಮೊದಲು ಬೇಕು.

ಇನ್ನು ತಿಳಿವಳಿಕೆಯ ವಿಷಯ. ಟೊಮೆಟೊ ಬಿಡಿಸಲು ತಾಯಿ ಬೆಳಕು ಹರಿಯುವ ಮುನ್ನ ಹೊರಟರೆ, ಸಂಜೆಯವರೆಗೂ ಮಗು ಇರುವುದು ಅಜ್ಜಿಯ ಕೈಯಲ್ಲಿ. ಟೀಯಲ್ಲಿ ಅದ್ದಿದ ಬಿಸ್ಕತ್ತು ಆ ಹೊತ್ತಿನ ಊಟವಾಗುತ್ತದೆ, ಮತ್ತು ಆ ಟೀಯೇ ಊಟದಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ಹಾಗಾಗಿ ನೀವು ತಾಯಂದಿರ ಸಭೆ ಕರೆಯುವುದಕ್ಕಿಂತ ಅಜ್ಜಿಯರ ಜಗಲಿಗೆ ಹೋಗುವುದು ಮೇಲು. ಭಾಷಣ ಬೇಡ; ಅವರ ಪಾತ್ರೆಯಲ್ಲೇ ಸರಿ ಕಾಯಿಸಿ, ಅವರ ಮೊಮ್ಮಗುವಿಗೇ ಅವರಿಂದಲೇ ಉಣಿಸಿ ತೋರಿಸಿ. ಹುರಿಹಿಟ್ಟಿಗೆ ರಾಗಿ ಅರಳಿಸುವುದು ಗೊತ್ತಿರುವ ಕೈಗಳಿಗೆ ಮೊಳಕೆ ಹಿಟ್ಟು ಹೊಸ ವಿದ್ಯೆಯೇನಲ್ಲ.

ಉತ್ತರ: ರೈತ, ಮಧುಗಿರಿ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಬೆಳೆಯ ಬಗ್ಗೆ ಮಾತ್ರ ಸೇರಿಸುತ್ತೇನೆ. ಆ ಮೂರು ಗುಂಟೆಯಲ್ಲಿ ಟೊಮೆಟೊ, ಕೋಸು ಹಾಕುವ ಯೋಚನೆ ಬಿಡಿ, ಅವು ನೀರನ್ನೂ ಔಷಧಿಯನ್ನೂ ಕೇಳುತ್ತವೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುವ ನುಗ್ಗೆ, ಅಗಸೆ, ಚಕ್ರಮುನಿ, ಕರಿಬೇವು, ನಿಂಬೆ, ಜೊತೆಗೆ ನಾಲ್ಕಾರು ಪರಂಗಿ ಗಿಡ ಹಾಕಿ. ನುಗ್ಗೆಯನ್ನು ಮರವಾಗಲು ಬಿಡದೆ ಎದೆಯೆತ್ತರಕ್ಕೆ ಕತ್ತರಿಸುತ್ತಿದ್ದರೆ ಸೊಪ್ಪು ಕೈಗೆಟಕುವಂತೆ ಸದಾ ಚಿಗುರುತ್ತದೆ. ಮಕ್ಕಳು ಕೈ ತೊಳೆದ ನೀರು, ಅಕ್ಕಿ ಬೇಳೆ ತೊಳೆದ ನೀರು ಒಂದು ಕಾಲುವೆಯಾಗಿ ಪರಂಗಿಯ ಬುಡಕ್ಕೆ ಹರಿದರೆ ಪಂಚಾಯಿತಿಯ ಮುಂದೆ ಹೆಚ್ಚಿನ ನೀರಿಗಾಗಿ ಕೈಯೊಡ್ಡಬೇಕಾಗಿಲ್ಲ. ಬೇಲಿಯನ್ನು ಗಿಡಕ್ಕಿಂತ ಮೊದಲು ಹಾಕಿ. ಮೇಕೆಗಳಿಗೆ ಅಗಸೆಯಷ್ಟು ಪ್ರಿಯವಾದದ್ದು ಇನ್ನೊಂದಿಲ್ಲ.

ಆದರೆ ನಿಜವಾದ ತೋಟ ಹೊಲದಲ್ಲಿದೆ. ನಮ್ಮ ಸೀಮೆಯಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಹರಳು. ರಾಗಿ ಸುಗ್ಗಿಯಾದ ಮೇಲೂ ಹೊಲದಿಂದ ಕಾಳು ಮನೆಗೆ ಬರುತ್ತಿತ್ತು, ಕಳೆ ಕೀಳುವಾಗ ಸಿಕ್ಕ ಅಣ್ಣೆ, ಗೋಣಿ, ಹೊನಗೊನ್ನೆ ಸೊಪ್ಪುಗಳು ಬಸ್ಸಾರಿಗೆ ಆಗುತ್ತಿದ್ದವು. ಒಂದೇ ಬೆಳೆ ಮತ್ತು ಕಳೆನಾಶಕ ಬಂದ ಮೇಲೆ ಅಕ್ಕಡಿಯೂ ಹೋಯಿತು, ಬೆರಕೆ ಸೊಪ್ಪೂ ಹೋಯಿತು. ರಾಗಿಯಲ್ಲಿ ಸುಣ್ಣದ ಅಂಶ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಇದ್ದರೂ ಪ್ರೋಟೀನು ಏಳು ಗ್ರಾಮಿನಷ್ಟೇ. ಮುದ್ದೆಯ ಪಕ್ಕದಲ್ಲಿ ಕಾಳಿನ ಸಾರು ಇರಬೇಕೆಂದು ಹಿರಿಯರು ಇದನ್ನು ಲೆಕ್ಕ ಹಾಕದೆಯೇ ಕಂಡುಕೊಂಡಿದ್ದರು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದರೂ ಒಂದು ಮನೆಯ ಬೇಳೆಯ ಖರ್ಚು ಬಹಳಷ್ಟು ಇಳಿಯುತ್ತದೆ. ನಾಟಿ ಅವರೆ ಹಗಲು ಚಿಕ್ಕದಾಗುವ ಕಾಲದಲ್ಲಷ್ಟೇ ಹೂ ಬಿಡುತ್ತದೆ. ಹೆಬ್ಬಾಳ ಅವರೆಯ ಎಚ್‌ಎ-3, ಎಚ್‌ಎ-4 ತಳಿಗಳು ಎಲ್ಲ ಕಾಲದಲ್ಲೂ ಬರುತ್ತವೆ, ಸೊಗಡು ಮಾತ್ರ ಕಡಿಮೆ. ಬೀಜದ ಬಗ್ಗೆ ಚಿಂತಾಮಣಿ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನಿಮಗೆ ಹತ್ತಿರವೂ ಹೌದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮೊಟ್ಟೆ ತಿನ್ನದ ಮನೆಗಳು ನಮ್ಮಲ್ಲಿ ಕೆಲವಿವೆ. ಅವರಿಗೆ ಕಡಲೆಕಾಯಿ ಹೇಳಬಹುದೇ? ಇನ್ನೊಂದು ವಿಷಯ: ತೀರಾ ಸೊರಗಿರುವ ಒಂದು ಮಗುವನ್ನು ಕಂಡಿದ್ದೇನೆ, ಅದಕ್ಕೂ ಮೊಳಕೆ ಹಿಟ್ಟಿನ ಸರಿಯನ್ನೇ ಶುರು ಮಾಡಿಸಲೇ?

ಉತ್ತರ: ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ಮುಳಬಾಗಿಲು

ಕಡಲೆಕಾಯಿ ಹೇಳಬಹುದು, ಆದರೆ ಚಿಕ್ಕ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವುದರಿಂದ ಹುರಿದು ನುಣ್ಣಗೆ ಪುಡಿ ಮಾಡಿಯೇ ಕೊಡಬೇಕು. ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಬೀಜವನ್ನು ಆರಿಸಿ ಎಸೆಯಿರಿ. ಅದರಲ್ಲಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಮೊಟ್ಟೆ ತಿನ್ನದವರಿಗೆ ಹಾಲು, ಮೊಸರು, ಮೊಳಕೆ ಹೆಸರುಕಾಳು ಬೇಯಿಸಿ ಕಿವುಚಿದ್ದು ಇವೆಲ್ಲ ಸಲ್ಲುತ್ತವೆ.

ಆ ಮಗುವಿನ ವಿಷಯದಲ್ಲಿ ಮಾತ್ರ ತೋಟ, ಹಿಟ್ಟು ಎಂದು ಕಾಯಬೇಡಿ. ಕಾರ್ಯಕರ್ತೆಯವರ ಬಳಿಯಿರುವ ತೋಳಿನ ಅಳತೆ ಪಟ್ಟಿಯನ್ನು ಎಡತೋಳಿನ ನಡುಭಾಗಕ್ಕೆ ಸುತ್ತಿಸಿ ನೋಡಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ಅಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ, ಅಥವಾ ಎರಡೂ ಪಾದಗಳಲ್ಲಿ ಊತವಿದ್ದು ಒತ್ತಿದಾಗ ಗುಳಿ ಬೀಳುತ್ತಿದ್ದರೆ, ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಹಸಿವೇ ಇರದಿರಬಹುದು, ಸೋಂಕು ಒಳಗೇ ಇದ್ದರೂ ಜ್ವರ ಕಾಣಿಸದಿರಬಹುದು, ಒಮ್ಮೆಲೇ ಹೆಚ್ಚು ಉಣಿಸಿದರೆ ಪ್ರಾಣಕ್ಕೇ ಕುತ್ತು. ಆಶಾ ಕಾರ್ಯಕರ್ತೆಯವರೊಂದಿಗೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅವರು ಬರೆದುಕೊಟ್ಟರೆ ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಿ. ಅಲ್ಲಿ ತಾಯಿ ಮಗು ಸುಮಾರು ಎರಡು ವಾರ ಉಳಿಯಬೇಕಾಗುತ್ತದೆ. ಕೂಲಿ ತಪ್ಪುತ್ತದೆ, ಮನೆಯಲ್ಲಿ ಇನ್ನೊಂದು ಮಗುವಿದೆ ಎಂದು ತಾಯಿ ಹಿಂಜರಿಯುವುದು ಸಾಮಾನ್ಯ. ತಪ್ಪಿದ ಕೂಲಿಗೆ ಅಲ್ಲಿ ಪರಿಹಾರ ಕೊಡುವ ವ್ಯವಸ್ಥೆಯಿದೆ ಎಂಬುದನ್ನು ಹೊರಡುವ ಮುಂಚೆಯೇ ಅವರಿಗೆ ಹೇಳಿ. ಮನೆಯಲ್ಲುಳಿಯುವ ಮಗುವನ್ನು ಆ ದಿನಗಳಲ್ಲಿ ಯಾರು ನೋಡಿಕೊಳ್ಳುವುದು ಎಂಬುದನ್ನು ನಿಮ್ಮ ಸಮಿತಿಯೇ ಗೊತ್ತುಮಾಡಿಕೊಟ್ಟರೆ ತಾಯಿ ಹೊರಡುತ್ತಾಳೆ.